ಮಡಿಕೋಲಿನ ಕಿಟಕಿ

ಸಿಂಗಪುರದಲ್ಲಿ ಬಿಸಿನೀರು ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ವರ್ಷವಿಡೀ ಬೆವರುವ ಊರು, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ತಾನಾಗಿಯೇ ಉಗುರುಬೆಚ್ಚಗಿನ ನೀರು ಬರುತ್ತದೆ, ಅಲ್ಲಿ ಗೀಸರ್ ಇಟ್ಟುಕೊಳ್ಳುವುದು ಶುದ್ಧ ಕೊಬ್ಬು ಎಂದು ಮೈಸೂರಿನಿಂದ ಬಂದಿದ್ದ ನನ್ನ ಅಕ್ಕ ಮುಖಕ್ಕೇ ಹೇಳಿದ್ದಳು. ಅವಳಿಗೆ ನನ್ನ ಅತ್ತೆಯ ಪರಿಚಯ ಸಾಲದು. ಉಡುಪಿ ಕಡೆಯ ಮನೆಯಲ್ಲಿ ಬಚ್ಚಲ ಹಂಡೆಯ ಕೆಳಗಿನ ಬೆಂಕಿ ಆರದಂತೆ ಕಾಯ್ದುಕೊಂಡು ನಲವತ್ತು ವರ್ಷ ಸಂಸಾರ ಮಾಡಿದವರು ಅವರು. ತಣ್ಣೀರಲ್ಲಿ ಮಿಂದರೆ ಅವರ ಲೆಕ್ಕದಲ್ಲಿ ಮಿಂದ ಹಾಗೇ ಅಲ್ಲ.

ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಆಗ ತೊಂಬತ್ತರ ದಶಕದ ಶುರು. ಬಿಶಾನ್ ಬಡಾವಣೆಯಲ್ಲಿ ಹನ್ನೊಂದನೆಯ ಮಹಡಿಯ ಫ್ಲಾಟ್ ಒಂದನ್ನು ಕೊಂಡು ನಾವು ಹೊಸದಾಗಿ ಶಿಫ್ಟ್ ಆಗಿದ್ದೆವು. ಅಡುಗೆಮನೆಯ ಹಿಂದೆ ಬಟ್ಟೆ ಒಗೆದು ಒಣಗಿಸಲು ಒಂದು ಕಿರಿದಾದ ಜಾಗ. ಅದರ ಹೊರಬದಿಗೆ ಸೊಂಟದೆತ್ತರದ ಗೋಡೆ, ಮೇಲೆಲ್ಲ ಬರೀ ಕಂಬಿಯ ತೆರೆದ ಕಿಟಕಿ. ಆ ಜಾಗದ ಪಕ್ಕದ ಗೋಡೆಗೆ ಹಿಂದಿನ ಮಾಲೀಕರು ಗ್ಯಾಸ್ ಗೀಸರ್ ಹಾಕಿಸಿ ಬಿಟ್ಟುಹೋಗಿದ್ದರು. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದರೆ ಇಲ್ಲಿ ಭುಗ್ ಎಂದು ಬೆಂಕಿ ಹತ್ತಿಕೊಳ್ಳುತ್ತಿತ್ತು. ಅತ್ತೆಗೆ ಆ ಸದ್ದು ಬಹಳ ಇಷ್ಟ. "ಒಲೆ ಉರಿದ ಹಾಗೆ ಕೇಳ್ತದೆ ನೋಡು, ಊರಿನದ್ದೇ ನೆನಪಾಗ್ತದೆ" ಎನ್ನುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಡಿ ಮಾಡುವ ಅತ್ತೆ ಎಂದ ಕೂಡಲೇ ಕೇಳುವವರು ತಮಗೆ ಬೇಕಾದ ಚಿತ್ರ ಬರೆದುಕೊಂಡು ಬಿಡುತ್ತಾರೆ. ನನ್ನನ್ನು ಅವರು ಒಂದು ದಿನವೂ ಮಡಿ ಮಾಡು ಎಂದು ಪೀಡಿಸಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಮಿಂದು, ಮಡಿ ಸೀರೆ ಉಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ಒಂಬತ್ತರವರೆಗೆ ಆ ಕಡೆ ಯಾರೂ ಹೋಗಬಾರದು, ಅಷ್ಟೇ. ನಾನು ಹೊರಗಿನ ಹಾಲಿನಲ್ಲಿ ಕಾಲು ಚಾಚಿ ಕುಳಿತು, ಮೀಯದೆ, ಹಲ್ಲು ಮಾತ್ರ ಉಜ್ಜಿ, ಪೇಪರ್ ಓದುತ್ತಿದ್ದೆ. ಬಿಸಿ ಬಿಸಿ ಅಡುಗೆ ತಾನಾಗಿ ಆಗುತ್ತಿತ್ತು. ಎಷ್ಟು ಸೊಸೆಯರಿಗೆ ಆ ಭಾಗ್ಯ ಇತ್ತು ಹೇಳಿ.

ನನ್ನ ಗಂಡ ಹಡಗು ರಿಪೇರಿಯ ಯಾರ್ಡಿನಲ್ಲಿ ಬಾಯ್ಲರ್ ವಿಭಾಗದ ಎಂಜಿನಿಯರ್. ಮನೆಯೆತ್ತರದ ಬಾಯ್ಲರುಗಳೊಳಗೆ ತೆವಳಿಕೊಂಡು ಹೋಗಿ ಬರುತ್ತಿದ್ದವರು. ಆದರೂ ಮೊದಲ ವರ್ಷ ಗೀಸರ್ ಸರ್ವಿಸ್ ಮಾಡಿಸಲು ಗ್ಯಾಸ್‌ನವರನ್ನೇ ಬುಕ್ ಮಾಡಿದ್ದರು. "ಅದಕ್ಕೆ ಅದರದ್ದೇ ಜನ ಇದ್ದಾರೆ, ನಾನ್ಯಾಕೆ ಕೈ ಹಾಕಲಿ" ಎಂದಿದ್ದರು. ಈ ಮಾತು ನನಗೆ ಚೆನ್ನಾಗಿ ನೆನಪಿದೆ.

ಬಂದವನು ಐವತ್ತು ದಾಟಿದ ಚೀನೀ ಮನುಷ್ಯ. ಅಲ್ಲಿ ಎಲ್ಲರೂ ಕರೆಯುವ ಹಾಗೆ ನಾವೂ ಅಂಕಲ್ ಎಂದೆವು. ಚಪ್ಪಲಿ ಹೊರಗೆ ಬಿಟ್ಟ, ಕೈಯಲ್ಲಿದ್ದ ಬಟ್ಟೆ ಹಾಸಿ ಅದರ ಮೇಲೇ ನಿಂತ, ಗೀಸರಿನ ಮುಚ್ಚಳ ತೆಗೆದು ಮುಕ್ಕಾಲು ಗಂಟೆ ಕೆಲಸ ಮಾಡಿದ. ಅಷ್ಟೂ ಹೊತ್ತು ಅತ್ತೆ ಹಾಲಿನಲ್ಲಿ ಬಕೆಟ್ ಹಿಡಿದು ನಿಂತಿದ್ದರು. ಗೀಸರ್ ಹತ್ತಿರ ಹೋಗಲು ಅಡುಗೆಮನೆಯನ್ನು ಹಾದೇ ಹೋಗಬೇಕು. ಅತ್ತೆಯ ಲೆಕ್ಕದಲ್ಲಿ ಅವನು ಹಂದಿಮಾಂಸದ ಅನ್ನ ತಿಂದು ಬಂದಿರುತ್ತಾನೆ, ಆ ಗಾಳಿ ಅನ್ನದ ಪಾತ್ರೆಗೆ ತಗುಲಿದೆ, ಹಾಗಾಗಿ ಮಾಡಿದ್ದೆಲ್ಲ ಚೆಲ್ಲಿ, ನೆಲ ತೊಳೆದು, ಮತ್ತೆ ಮಿಂದು, ಮತ್ತೆ ಒಲೆ ಹಚ್ಚಬೇಕು.

ಕೆಲಸ ಮುಗಿಸಿ ಅಂಕಲ್ ನನ್ನನ್ನು ಕೈಸನ್ನೆ ಮಾಡಿ ಕರೆದ. ತೆರೆದ ಕಿಟಕಿಯ ಕಂಬಿಯನ್ನು ಸ್ಕ್ರೂಡ್ರೈವರಿನಿಂದ ಟಣ್ ಟಣ್ ಎಂದು ಬಡಿದು, "ದಿಸ್ ಒನ್ ಕೆನಾಟ್ ಕವರ್ ಆ. ಆಲ್ವೇಸ್ ಓಪನ್. ಯು ಟೆಲ್ ಯುವರ್ ಹಸ್ಬೆಂಡ್" ಎಂದ. ನಾನು ಓಕೆ ಓಕೆ ಎಂದೆ. ಅವನು ಇನ್ನೂ ಏನೋ ಹೇಳಲು ಹೊರಟಿದ್ದ. ಹಿಂದೆ ಅತ್ತೆ ಬಕೆಟ್ಟನ್ನು ನೆಲಕ್ಕೆ ಕುಕ್ಕಿದ ಸದ್ದಾಯಿತು. ನಾನು ಥ್ಯಾಂಕ್ಯೂ ಅಂಕಲ್ ಎಂದು ಬಾಗಿಲವರೆಗೆ ಅವನನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಹೋದೆ. ಆಮೇಲೆ ಎರಡು ಗಂಟೆ ನಾನೂ ಅತ್ತೆಯೂ ಸೇರಿ ಅಡುಗೆಮನೆ ತೊಳೆದೆವು. ಸಂಜೆ ಗಂಡ ಬಂದಾಗ ನನ್ನ ಸೊಂಟ ಬಿದ್ದುಹೋಗಿತ್ತು, ಕಿಟಕಿಯ ಮಾತು ನೆನಪಾಗಲಿಲ್ಲ.

ಮರುವರ್ಷ ಅವನು ಬಂದ ದಿನ ಮಾವನವರ ಶ್ರಾದ್ಧ. ನಾವು ದಿನ ಕೊಟ್ಟಿದ್ದು ಮುಂಚೆ, ತಿಥಿ ನೋಡಿದ್ದು ಆಮೇಲೆ, ಎರಡೂ ಒಂದೇ ದಿನ ಬಿದ್ದಿತ್ತು. ಫೋನ್ ಮಾಡಿ ಬದಲಾಯಿಸುವುದು ಮರೆತುಹೋಗಿತ್ತು. ಹಾಲಿನಲ್ಲಿ ಭಟ್ಟರು ದರ್ಭೆ ಬಿಡಿಸುತ್ತಾ ಕುಳಿತಿದ್ದರು, ಗಂಡ ಒದ್ದೆ ಪಂಚೆಯಲ್ಲಿದ್ದರು, ಒಳಗೆ ಅತ್ತೆ ಬೆಳಗಿನ ನಾಲ್ಕರಿಂದ ಅಡುಗೆಯಲ್ಲಿದ್ದರು. ಗಸಗಸೆ ಪಾಯಸದ ಪರಿಮಳ ಬಾಗಿಲ ಸಂದಿಯಿಂದ ಬರುತ್ತಿತ್ತು. ಗೇಟಿನ ಹೊರಗೆ ಅಂಕಲ್, ಕೈಯಲ್ಲಿ ಟೂಲ್ ಬಾಕ್ಸ್, ಚಪ್ಪಲಿ ಆಗಲೇ ಬಿಚ್ಚಿದ್ದ.

ನಾಳೆ ಬಾ ಎನ್ನಬಹುದಿತ್ತು. ಮುಂದಿನ ವಾರ ಬಾ ಎನ್ನಬಹುದಿತ್ತು. ನಾನು ಹಾಗೆ ಹೇಳಲಿಲ್ಲ. "ನೋ ನೀಡ್ ಅಂಕಲ್. ಇನ್ನು ಮೇಲೆ ಬೇಡ. ಮೈ ಹಸ್ಬೆಂಡ್ ಎಂಜಿನಿಯರ್, ಹೀ ವಿಲ್ ಡೂ" ಎಂದೆ. ಅವನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಕಡೆ ಹೋದ. ಅತ್ತೆಯ ಮಡಿಗಾಗಿ ಹೀಗೆ ಮಾಡಿದೆ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ನಿಜ ಅದಲ್ಲ. ಪ್ರತಿವರ್ಷ ಆ ಅಡುಗೆಮನೆಯನ್ನು ಮೂಲೆಮೂಲೆ ತೊಳೆಯುವುದು ನನಗೆ ಬೇಡವಾಗಿತ್ತು. ಸೋಮಾರಿತನಕ್ಕೆ ಭಕ್ತಿಯ ಹೆಸರಿಟ್ಟೆ, ಮತ್ತೇನಿಲ್ಲ.

ಗಂಡನಿಗೆ ಹೇಳಿದಾಗ ಅವರು ನಕ್ಕರು. "ಹಡಗಿನ ಬಾಯ್ಲರ್ ನೋಡೋನಿಗೆ ಈ ಡಬ್ಬಿ ಏನು ಮಹಾ, ಬಿಡು" ಎಂದರು. ಅತ್ತೆಗಂತೂ ಹಾಲು ಕುಡಿದಷ್ಟು ಸಂತೋಷ. ಮಗ ಮಿಂದು, ಮಡಿ ಪಂಚೆ ಉಟ್ಟು ಗೀಸರ್ ಬಿಚ್ಚಿದರೆ ಯಾವ ಮೈಲಿಗೆಯೂ ಇಲ್ಲ. ಒಂದು ಭಾನುವಾರ ಅವರು ಹಾಗೆಯೇ ಮಾಡಿದರು: ಬರಿಮೈ, ಜನಿವಾರ ಬೆನ್ನಿಗೆ ಸರಿಸಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಬರ್ನರಿನ ತೂತು ತೂತನ್ನೂ ತಿಕ್ಕಿ ಮಸಿ ತೆಗೆದರು. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ನೋಡಿದರು. ಕೆಲಸ ನೀಟಾಗಿಯೇ ಇತ್ತು. ಅದರಲ್ಲಿ ಅವರ ತಪ್ಪಿರಲಿಲ್ಲ.

ತಪ್ಪು ಆದದ್ದು ಬಟ್ಟೆಯ ವಿಷಯದಲ್ಲಿ. ಊರಿನಲ್ಲಿ ಮಡಿ ಬಟ್ಟೆ ಒಣಗಿಸಲು ಸೂರಿನಿಂದ ಇಳಿಬಿಟ್ಟ ಮಡಿಕೋಲು ಇರುತ್ತಿತ್ತಂತೆ, ಯಾರ ಮೈಯೂ ತಾಗದಷ್ಟು ಎತ್ತರದಲ್ಲಿ. ಇಲ್ಲಿ ಎಲ್ಲರ ಮನೆಯಲ್ಲೂ ಬಟ್ಟೆಗೆ ಬಿದಿರ ಕೋಲು. ಅಂಥದ್ದೇ ಒಂದನ್ನು ಗೀಸರಿನ ಎದುರಿಗೆ ಛಾವಣಿಯಿಂದ ತೂಗುಹಾಕಿಸಿ ಅತ್ತೆ ತಮ್ಮ ಮಡಿಕೋಲು ಮಾಡಿಕೊಂಡಿದ್ದರು. ಆದರೆ ಮೇಲಿನ ಮಹಡಿಯವರು ತಮ್ಮ ಕೋಲನ್ನು ಕಿಟಕಿಯಿಂದ ಆಚೆಗೆ ಚಾಚಿ ಬಟ್ಟೆ ಹರವುತ್ತಿದ್ದರು. ಒಗೆದು ಹಿಂಡದ ಚಡ್ಡಿ, ಕಾಲುಚೀಲ, ಹಾಸಿಗೆಯ ಹೊದಿಕೆ. ಗಾಳಿ ಬೀಸಿದರೆ ಆ ನೀರು ನಮ್ಮ ಕಂಬಿಯೊಳಗೆ ಬಂದು ಅತ್ತೆಯ ಸೀರೆಯ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಐದಕ್ಕೆ ಕೋಲಿನಿಂದ ಸೀರೆ ಇಳಿಸಿ, ಅದರಲ್ಲಿ ನಾಲ್ಕು ಹನಿ ಕಂಡರೆ ಸಾಕು, ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. "ಯಾರ್ಯಾರದ್ದೋ ಚಡ್ಡಿ ನೀರು ನನ್ನ ಮೈಮೇಲೆ ಹಾಕಿಕೊಂಡು ದೇವರಿಗೆ ಬೇಯಿಸುವುದಾ? ಎಂತ ಕರ್ಮ ಮಾರಾಯ್ತಿ ಇದು!" ಎಂದು ಅಳುತ್ತಿದ್ದರು. ನಿಜವಾಗಿ ಅಳುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಮಗನಿಂದ ಅದನ್ನು ಸಹಿಸಲಾಗಲಿಲ್ಲ. ಒಂದು ಶನಿವಾರ ಅಂಗಡಿಯಿಂದ ದಪ್ಪ ಪ್ಲಾಸ್ಟಿಕ್ ಶೀಟು ತಂದು, ಅಳತೆಗೆ ಕೊಯ್ದು, ಇಡೀ ಕಿಟಕಿಗೆ ಸ್ಕ್ರೂ ಹೊಡೆದು ಕೂರಿಸಿದರು. ಕೆಳಗೆ ಎರಡು ಬೆರಳು ಸಂದಿ ಬಿಟ್ಟರು. ಬೆಳಕು ಬರುತ್ತದೆ, ನೀರು ಬರುವುದಿಲ್ಲ. ಬೆಂಕಿಗೆ ಗಾಳಿ ಬೇಕು ಎಂದು ದಿನಕ್ಕೆ ಹತ್ತು ಸಲ ತಮ್ಮ ಕೆಳಗಿನವರಿಗೆ ಕೂಗಿ ಹೇಳುತ್ತಿದ್ದ ಮನುಷ್ಯ ಅವರು. ಅಂದು ಅವರ ಕಣ್ಣಿಗೆ ಬಿದ್ದದ್ದು ಅಮ್ಮನ ಸೀರೆ ಮಾತ್ರ. ಬೆನ್ನ ಹಿಂದೆ ಗೀಸರ್ ಇದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ನಾನು ಸ್ಟೂಲು ಹಿಡಿದುಕೊಂಡು ನಿಂತಿದ್ದೆ. ಕೊನೆಯ ಸ್ಕ್ರೂ ತಿರುಗಿಸುವಾಗ ಕಂಬಿಗೆ ಸ್ಕ್ರೂಡ್ರೈವರ್ ತಾಗಿ ಟಣ್ ಎಂದಿತು, ನನಗೆ ಅಂಕಲ್ ನೆನಪಾದ. ಅವನು ಬಡಿದದ್ದು, ಹೇಳಿದ್ದು, ಪೂರ್ತಿ. ಮರೆತಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. "ರೀ, ಇದನ್ನು ಮುಚ್ಚಬಾರದಂತೆ" ಎಂದು ಬಾಯಿತನಕ ಬಂತು. ಅಷ್ಟರಲ್ಲಿ ಅತ್ತೆ ಬಂದು ಶೀಟನ್ನು ಕೈಯಿಂದ ಸವರಿ, "ಈಗ ನನ್ನ ಜೀವ ತಣ್ಣಗಾಯ್ತು" ಎಂದರು. ನನಗೂ ತಣ್ಣಗಾಯಿತು. ಇನ್ನು ಬೆಳಗಾಗೆದ್ದು ಅಳು ಕೇಳಬೇಕಿಲ್ಲವಲ್ಲ ಎನ್ನಿಸಿತು. ಗ್ಯಾಸ್‌ನವರು ಹಾಗೇ ಏನೇನೋ ಹೆದರಿಸುತ್ತಾರೆ, ಎಂಜಿನಿಯರಿಗೆ ಗೊತ್ತಿಲ್ಲದ್ದು ಅವನಿಗೇನು ಗೊತ್ತು ಎಂದುಕೊಂಡು ಸುಮ್ಮನಾದೆ.

ಆಮೇಲೆ ಅತ್ತೆಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಅಡುಗೆಮನೆಯಿಂದ ಹೊರಬರುವಾಗ ಹಣೆ ಒತ್ತಿಕೊಂಡೇ ಬರುತ್ತಿದ್ದರು. ಪಿತ್ತ ಎಂದರು, ಏಕಾದಶಿಯ ಉಪವಾಸ ಈಗೀಗ ತಡೆಯುವುದಿಲ್ಲ ಎಂದರು. ನಾನು ಶುಂಠಿ ಕಷಾಯ ಮಾಡಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು.

ಡಿಸೆಂಬರಿನ ಮಳೆ ಹಿಡಿದಿದ್ದ ಒಂದು ಶನಿವಾರ. ಶನಿವಾರ ಎಂದರೆ ಗಂಡನಿಗೆ ಎಣ್ಣೆಸ್ನಾನ. ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೊಕ್ಕರೆ ಬಿಸಿನೀರಿನ ನಲ್ಲಿ ನಿಲ್ಲಿಸುತ್ತಿರಲಿಲ್ಲ. ಅತ್ತೆ ಒಳಗೆ ಮಡಿಯಲ್ಲಿದ್ದರು. ಎರಚಲು ಬರುತ್ತದೆಂದು ಅಡುಗೆಮನೆಯ ಇನ್ನೊಂದು ಕಿಟಕಿಯನ್ನೂ ಹಾಕಿಕೊಂಡಿದ್ದರು. ಹಾಲಿನ ಕಡೆಯ ಬಾಗಿಲು ಎಂದಿನಂತೆ ಮುಚ್ಚಿತ್ತು. ನಾನು ಪೇಪರ್ ಓದುತ್ತಿದ್ದೆ. ಏನೋ ಸೀದ ವಾಸನೆ ಬಂತು. ಅತ್ತೆ ಸೀಯಿಸುವವರಲ್ಲ. ಕೂಗಿದೆ, ಉತ್ತರ ಬರಲಿಲ್ಲ. ಬಾಗಿಲು ತಳ್ಳಿದೆ.

ಅವರು ಒಲೆಯ ಮುಂದೆ ಒಂದು ಬದಿಗೆ ವಾಲಿ ಬಿದ್ದಿದ್ದರು. ಒಲೆಯ ಮೇಲೆ ಹುಳಿ ತಳ ಹಿಡಿದು ಹೊಗೆಯಾಡುತ್ತಿತ್ತು. ಅತ್ತ ಗೋಡೆಯಲ್ಲಿ ಗೀಸರ್ ಭರ್ ಎಂದು ಉರಿಯುತ್ತಲೇ ಇತ್ತು. ನಾನು ಹೊಸ್ತಿಲ ಮೇಲೆ ನಿಂತೆ. ನಿಂತೇ ಇದ್ದೆ. ನಾನು ಮಿಂದಿರಲಿಲ್ಲ. ಮುಟ್ಟಿದರೆ ಅವರು ಎದ್ದಮೇಲೆ ಎಷ್ಟು ನೊಂದುಕೊಳ್ಳುತ್ತಾರೋ ಎಂಬ ಯೋಚನೆ ಆ ಹೊತ್ತಿನಲ್ಲಿ ನನ್ನ ತಲೆಗೆ ಬಂತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಐದು ಎಣಿಸುವಷ್ಟು ಇರಬಹುದು, ಹತ್ತೂ ಇರಬಹುದು. ಆಮೇಲೆ ಕಂಕುಳಿಗೆ ಕೈಕೊಟ್ಟು ಹಾಲಿಗೆ ಎಳೆದುಕೊಂಡು ಬಂದೆ. ನನ್ನ ಕೂಗಿಗೆ ಗಂಡ ಎಣ್ಣೆಮೈಯಲ್ಲೇ ಓಡಿಬಂದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ, ಮನೆಯಲ್ಲಿ ಗ್ಯಾಸ್ ಹೀಟರ್ ಇದೆಯಾ, ಎಲ್ಲಿದೆ ಎಂದು. ಗಾಳಿ ಸಾಲದೆ ಉರಿದ ಗೀಸರ್ ವಿಷದ ಗಾಳಿ ಕಾರಿದೆ ಎಂದು ಗಂಡನಿಗೆ ಅಲ್ಲೇ ಅರ್ಥವಾಯಿತು. ಕುಳಿತಿದ್ದ ಕುರ್ಚಿಯಿಂದ ಅವರು ಏಳಲಿಲ್ಲ. "ಗಾಳಿ ಮುಚ್ಚಿದ್ದು ನಾನೇ. ನನ್ನ ಕೈಯಾರೆ ಮುಚ್ಚಿದೆ" ಎಂದು ಕೈಗಳನ್ನೇ ನೋಡಿಕೊಂಡು ಹೇಳಿದರು. ನಾನು ಅವರ ಬೆನ್ನು ಸವರಿದೆ. ನಿಮಗೆ ಹೇಗೆ ಗೊತ್ತಾಗಬೇಕಿತ್ತು, ಬಿಡಿ ಎಂದೆ. ಹೌದು, ಅದನ್ನೇ ಹೇಳಿದೆ.

ಎಂಟು ದಿನಕ್ಕೆ ಅತ್ತೆ ಮನೆಗೆ ಬಂದರು. ಗ್ಯಾಸ್‌ನವರು ಅಷ್ಟರಲ್ಲಿ ಗೀಸರಿಗೆ ಸೀಲ್ ಹಾಕಿ ಹೋಗಿದ್ದರು, ಗಂಡ ಶೀಟು ಕಿತ್ತು ಕಸಕ್ಕೆ ಹಾಕಿದ್ದರು. ಒಲೆಯ ಮೇಲೆ ಕಾಯಿಸಿದ ನೀರಲ್ಲಿ ಅತ್ತೆ ಮಿಂದು, ಮಡಿಯುಟ್ಟು, ಮೊದಲಿನಂತೆ ಬಾಗಿಲು ಹಾಕಿಕೊಂಡರು. ಸೀದ ಪಾತ್ರೆ ನೋಡಿ ನನ್ನನ್ನು ಬೈದರು ಕೂಡ. ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದು ಜೀವನದಲ್ಲಿ ಅದೊಂದೇ ಸಲ. ಬದುಕಿದೆವು ಎಂದುಕೊಂಡೆ.

ಮೂರನೆಯ ವಾರ ಒಂದು ಬೆಳಿಗ್ಗೆ ಅತ್ತೆ ಮೀಯದೆ ಸೀದಾ ಅಡುಗೆಮನೆಗೆ ಹೋಗಿ, ಹಾಸಿಗೆಯಿಂದ ಎದ್ದ ಸೀರೆಯಲ್ಲೇ ನಿಂತು, ಡಬ್ಬಿಯಿಂದ ಅವಲಕ್ಕಿ ತೆಗೆದು ತಿನ್ನತೊಡಗಿದರು. ನಾನು ತಮಾಷೆ ಎಂದುಕೊಂಡೆ. ಮರುದಿನ ನನ್ನ ಎಂಜಲು ಲೋಟದಿಂದ ಕಾಫಿ ಕುಡಿದರು. ಒಂದು ವಾರದೊಳಗೆ ಮಗನನ್ನು ಗುರುತಿಸುವುದೂ ಕೆಲವು ಹೊತ್ತು ಮಾತ್ರ ಎಂದಾಯಿತು. ಆ ವಿಷದ ಗಾಳಿ ಕುಡಿದ ಕೆಲವರಿಗೆ ಹೀಗೆ ವಾಸಿಯಾದಂತೆ ಆಗಿ ಆಮೇಲೆ ಮೆದುಳು ಕೆಡುತ್ತದೆ ಎಂದು ಡಾಕ್ಟರ್ ಹೇಳಿದರು. ವಾಪಸ್ ಬರುತ್ತದಾ ಎಂದು ಗಂಡ ಕೇಳಿದ್ದಕ್ಕೆ ಕಾದು ನೋಡೋಣ ಎಂದರು. ಕಾದೆವು. ಬರಲಿಲ್ಲ.

ಸೀಲ್ ಹಾಕಿದ ಗೀಸರನ್ನು ಗೋಡೆಯಿಂದ ಬಿಚ್ಚಲು ಬಂದವನು ಅದೇ ಅಂಕಲ್. ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು, "ಗ್ರ್ಯಾಂಡ್‌ಮಾ ಓಕೆ ಆ? ಕೆನ್ ಗೋ ಇನ್?" ಎಂದು ಕೇಳಿದ. ಬಕೆಟ್ ಅವನಿಗೂ ನೆನಪಿತ್ತು. ಒಳಗೆ ನೆಲದ ಮೇಲೆ ಕುಳಿತಿದ್ದ ಅತ್ತೆ ಅವನನ್ನು ಕಂಡು ಮುಖ ಅರಳಿಸಿ, "ಬಾ ಬಾ, ಊಟ ಆಯ್ತಾ?" ಎಂದರು. ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳಲು ನೋಡಿದರು. ಅವನಿಗೆ ಮಾತು ತಿಳಿಯದಿದ್ದರೂ ಏನೋ ತಿಳಿಯಿತು. ಮೆಲ್ಲಗೆ ಕೈ ಬಿಡಿಸಿಕೊಂಡು ಕೆಲಸಕ್ಕೆ ಹೋದ.

ಕಂಬಿಯ ಸುತ್ತ ಉಳಿದಿದ್ದ ಸ್ಕ್ರೂ ತೂತುಗಳನ್ನು ಅವನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಗಂಡನ ಕಡೆ ತಿರುಗಿ, ಕೋಪವಿಲ್ಲದೆ, ಬೇಸರದಲ್ಲಿ, "ಐ ಟೆಲ್ ಯುವರ್ ವೈಫ್ ಆಲ್ರೆಡಿ. ಫಸ್ಟ್ ಟೈಮ್ ಐ ಕಮ್, ಐ ಟೆಲ್ ಹರ್" ಎಂದ.

ಗಂಡ ನನ್ನನ್ನು ನೋಡಲಿಲ್ಲ. ಗೀಸರಿನ ಇನ್ನೊಂದು ತುದಿ ಹಿಡಿದು ಇಳಿಸಲು ಸಹಾಯ ಮಾಡಿದರು, ಲಿಫ್ಟಿನವರೆಗೆ ಹೋಗಿ ಬಿಟ್ಟುಬಂದರು. ಸಂಜೆ ಊಟಕ್ಕೆ ಕುಳಿತಾಗ ಒಂದೇ ಕೇಳಿದರು: "ಶೀಟು ಹಾಕುವಾಗ ನಿನಗೆ ನೆನಪಿತ್ತಾ?"

"ಇತ್ತು" ಎಂದೆ. ಸುಳ್ಳು ಹೇಳಲು ಆಗ ಶಕ್ತಿ ಇರಲಿಲ್ಲ. ಅವರು ಕೈ ತೊಳೆದು ಎದ್ದುಹೋದರು. ಆಮೇಲೆ ಈ ವಿಷಯ ಅವರು ಬದುಕಿರುವವರೆಗೂ ಎತ್ತಲಿಲ್ಲ. ಮನೆಯಲ್ಲಿ ನಲ್ಲಿಯ ವಾಶರ್ ಹೋದರೂ, ಫ್ಯೂಸ್ ಹೋದರೂ ಫೋನ್ ಮಾಡಿ ಜನ ಕರೆಸುತ್ತಿದ್ದರು, ಬಂದವರು ಕೆಲಸ ಮುಗಿಸುವವರೆಗೆ ಪಕ್ಕದಲ್ಲೇ ನಿಂತು ಅವರು ಹೇಳಿದ್ದನ್ನು ತಾವೇ ಕೇಳಿಸಿಕೊಳ್ಳುತ್ತಿದ್ದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮಾವನವರ ಮುಂದಿನ ಶ್ರಾದ್ಧಕ್ಕೆ ಮಡಿ ಅಡುಗೆ ನಾನು ಮಾಡಿದೆ. ನನಗೆ ಅದರಲ್ಲಿ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾಲ್ಕಕ್ಕೆ ಎದ್ದು ತಣ್ಣೀರಲ್ಲಿ ಮಿಂದು, ಮಡಿಕೋಲಿನಿಂದ ಅತ್ತೆಯದೇ ಸೀರೆ ಇಳಿಸಿ ಉಟ್ಟೆ. ಸೆರಗಿನ ಮೇಲೆ ಮೇಲಿನ ಮನೆಯವರ ಬಟ್ಟೆಯ ನಾಲ್ಕು ಹನಿ ಬಿದ್ದಿದ್ದವು. ನೋಡಿದರೂ ನೋಡದಂತೆ ಉಟ್ಟು, ಅವರು ಮಾಡುತ್ತಿದ್ದ ಎಲ್ಲವನ್ನೂ ಅವರಂತೆಯೇ ಮಾಡಿದೆ. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ. ಹಾಲಿನಲ್ಲಿ ಭಟ್ಟರು ಮಂತ್ರ ಹೇಳುತ್ತಿದ್ದರು, ಗಂಡ ಒದ್ದೆ ಪಂಚೆಯಲ್ಲಿ ಕುಳಿತಿದ್ದರು.

ಎಲೆಗೆ ಬಡಿಸುವ ಹೊತ್ತಿಗೆ ಅತ್ತೆ ನೈಟಿಯಲ್ಲಿ ಒಳಗೆ ಬಂದರು. ನೇರ ಪಾಯಸದ ಪಾತ್ರೆಗೆ ಕೈ ಅದ್ದಿ, ಬೆರಳು ನೆಕ್ಕಿ, "ಗಸಗಸೆ ನುಣ್ಣಗೆ ಅರೆದಿದ್ದಿ, ಒಳ್ಳೇದಾಗಿದೆ" ಎಂದರು. ಹೊರಗೆ ಮಗ ಕೈಯಲ್ಲಿ ದರ್ಭೆ ಹಿಡಿದು ಇದನ್ನೆಲ್ಲ ನೋಡುತ್ತಿದ್ದರು. ಅತ್ತೆ ಇನ್ನೊಂದು ಸಲ ಅದ್ದಿ, ಈ ಸಲ ಬೆರಳನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಯಾರದ್ದು ಇವತ್ತು ಶ್ರಾದ್ಧ?" ಎಂದು ಕೇಳಿದರು.

ನಾನು ಬಾಯಿ ತೆರೆದು ಆ ಪಾಯಸ ತಿಂದೆ.